ಕೋಚನ್ನು ಕಳಿಸಿದರೆ ಮಳೆ ಬರುತ್ತದೆಯೆ?

(ಬೈರಾಪಟ್ಟಣದಲ್ಲಿ ಫುಟ್‌ಬಾಲ್ ಅಭಿಮಾನಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಕಬಡ್ಡಿಯ ಸೀಮೆಯಲ್ಲಿ ಫುಟ್‌ಬಾಲ್ ಬಗ್ಗೆ ಮಾತನಾಡಿ ಎಂದು ಕರೆದಿದ್ದೀರಿ. ಚನ್ನಪಟ್ಟಣದಲ್ಲಿ ರೈಲು ಹತ್ತಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಹೋಗಿ, ಗಂಟಲು ಕಟ್ಟುವವರೆಗೆ ಕೂಗಿ, ನಡುರಾತ್ರಿ ಮನೆ ಸೇರುವವರು ಈ ಸಭೆಯಲ್ಲೇ ಇದ್ದಾರಂತೆ. ಅಂಥವರು ನನಗೆ ಕೊಟ್ಟ ವಿಷಯ ಒಂದೇ: ತಂಡ ಸೋಲುತ್ತಿರುವಾಗ ಕೋಚನ್ನು ಮನೆಗೆ ಕಳಿಸಬೇಕೆ, ಬೇಡವೆ? ಬೆಂಗಳೂರು ಎಫ್‌ಸಿ ಎರಡು ಪಂದ್ಯ ಸೋತಿತೆಂದರೆ ಹೋಟೆಲಿನ ಮೇಜಿನ ಸುತ್ತ ಶುರುವಾಗುವ ಜಗಳ ಇದು. ಒಬ್ಬ 'ಇವನನ್ನು ಇವತ್ತೇ ಕಳಿಸಿ' ಎನ್ನುತ್ತಾನೆ. ಇನ್ನೊಬ್ಬ 'ಕೋಚ್ ಏನು ಮಾಡಿಯಾನು, ಗೋಲು ಹೊಡೆಯಬೇಕಾದವರು ಹೊಡೆಯಬೇಡವೆ' ಎನ್ನುತ್ತಾನೆ. ಕಾಫಿ ಆರಿಹೋಗುತ್ತದೆ, ಜಗಳ ಆರುವುದಿಲ್ಲ.

ಮೊದಲು ಒಂದು ಶಬ್ದದ ತೊಡಕು ಬಿಡಿಸಿಕೊಳ್ಳೋಣ. ಇಂಗ್ಲೆಂಡಿನ ಪತ್ರಿಕೆಗಳು 'ಮ್ಯಾನೇಜರ್' ಎಂದು ಬರೆಯುತ್ತವೆ. ನಮ್ಮಲ್ಲಿ ತಂಡದ ಮ್ಯಾನೇಜರ್ ಎಂದರೆ ರೈಲಿನ ಟಿಕೆಟ್ಟು, ಹೋಟೆಲಿನ ಕೋಣೆ, ಜರ್ಸಿಯ ಮೂಟೆ ನೋಡಿಕೊಳ್ಳುವಾತ. ಇಂಗ್ಲೆಂಡಿನಲ್ಲೂ ಹಿಂದೆ ಆಡುವ ಹನ್ನೊಂದು ಜನರನ್ನು ಆರಿಸುತ್ತಿದ್ದವರು ಬಹುಮಟ್ಟಿಗೆ ಕ್ಲಬ್ಬಿನ ನಿರ್ದೇಶಕರೇ. 1925ರಲ್ಲಿ ಆರ್ಸೆನಲ್ ಕ್ಲಬ್ಬಿಗೆ ಬಂದ ಹರ್ಬರ್ಟ್ ಚಾಪ್‌ಮನ್ ಎಂಬಾತ ಆಟದ ತಂತ್ರ, ಆಟಗಾರರ ಆಯ್ಕೆ, ಕೊಳ್ಳುವುದು, ಮಾರುವುದು ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಂಡ. ಈಗ ನಾವು ಕಾಣುವ ಮ್ಯಾನೇಜರ್ ಎಂಬ ಪಾತ್ರ ಬಹುಪಾಲು ಆತ ಕಟ್ಟಿದ್ದು. ಅಂದಿನಿಂದ ಗೆಲುವಿಗೂ ಸೋಲಿಗೂ ಒಂದು ಮುಖ ಸಿಕ್ಕಿತು. ನಿರ್ದೇಶಕರಿಗೂ ಅನುಕೂಲವಾಯಿತು, ಜನ ಬೈಯುವಾಗ ತೋರಿಸಲು ಒಬ್ಬ ಮನುಷ್ಯ ಸಿಕ್ಕಿದ.

ನಮ್ಮ ಬೆಂಗಳೂರಿನ ಹಳೆಯ ಫುಟ್‌ಬಾಲಿನ ರೀತಿಯೇ ಬೇರೆ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲೇ ಮುಂಬಯಿಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂದದ್ದು ಈಗ ಎಷ್ಟು ಜನರಿಗೆ ನೆನಪಿದೆಯೋ! ಆಮೇಲಿನ ದಶಕಗಳಲ್ಲಿ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡಗಳು ಬಂದವು. ಅಲ್ಲಿ ಆಟಗಾರ ಕಾರ್ಖಾನೆಯ ನೌಕರ, ಕೋಚ್ ಕೂಡ ಸಾಮಾನ್ಯವಾಗಿ ಅದೇ ಕಾರ್ಖಾನೆಯವನೇ. ತಂಡ ಸೋತು ಕೋಚ್ ಬದಲಾದರೂ ಆತನ ಅನ್ನಕ್ಕೆ ಕುತ್ತು ಬರುತ್ತಿರಲಿಲ್ಲ. ಕೋಚಿನ ತಲೆದಂಡ ಎಂಬುದು ನಮ್ಮಲ್ಲಿಗೆ ಬಂದದ್ದು ಗುತ್ತಿಗೆಯ ಮೇಲೆ ಹೊರದೇಶದಿಂದ ಕೋಚುಗಳನ್ನು ಕರೆತರುವ ಕ್ಲಬ್ಬುಗಳು ಬಂದ ಮೇಲೆ.

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮಾಲೀಕರು ಜೆಎಸ್‌ಡಬ್ಲ್ಯೂ ಸಮೂಹದವರು. ಮೊದಲ ಕೋಚ್ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಎರಡನೆಯ ವರ್ಷದ ಕೊನೆಯ ಪಂದ್ಯ, 2015ರ ಮೇ 31, ಕಂಠೀರವ, ಮಳೆ. ಗೆದ್ದಿದ್ದರೆ ಮತ್ತೆ ಪ್ರಶಸ್ತಿ. ಪಂದ್ಯ ಮುಗಿಯಲು ಕೆಲವೇ ನಿಮಿಷ ಇರುವಾಗ ಮೋಹನ್ ಬಾಗಾನಿನ ಬೆಲ್ಲೊ ರಝಾಕ್ ತಲೆಯಿಂದ ಹೊಡೆದ ಗೋಲು 1-1 ಮಾಡಿತು, ಕಪ್ಪು ಕೋಲ್ಕತ್ತಕ್ಕೆ ಹೋಯಿತು. ಅಂದು ಅಲ್ಲಿದ್ದವರು ಈಗಲೂ ಆ ಮಳೆಯನ್ನು ಶಪಿಸುತ್ತಾರೆ. ಆದರೆ ಕ್ಲಬ್ಬು ವೆಸ್ಟ್‌ವುಡ್ ಅವರನ್ನು ಉಳಿಸಿಕೊಂಡಿತು. ಮರುವರ್ಷ ಮತ್ತೆ ಐ-ಲೀಗ್ ಬಂತು. ಆಮೇಲೆ ಬಂದ ಸ್ಪೇನಿನ ಆಲ್ಬರ್ಟ್ ರೋಕಾ ತಂಡವನ್ನು 2016ರ ಎಎಫ್‌ಸಿ ಕಪ್ ಫೈನಲಿಗೆ ಒಯ್ದರು. ರೋಕಾ ಅವರ ಸಹಾಯಕರಾಗಿದ್ದ ಕಾರ್ಲಸ್ ಕುವಾದ್ರತ್ ಮುಖ್ಯ ಕೋಚ್ ಆಗಿ 2019ರ ಮಾರ್ಚಿನಲ್ಲಿ ಇಂಡಿಯನ್ ಸೂಪರ್ ಲೀಗನ್ನೇ ಗೆದ್ದುಕೊಟ್ಟರು. ಇಷ್ಟೂ ಕಾಲ ನಮ್ಮ ಈ ಜಗಳಕ್ಕೆ ಆಸ್ಪದವೇ ಇರಲಿಲ್ಲ. ಗೆಲ್ಲುವ ಮನೆಯಲ್ಲಿ ಪಂಚಾಯಿತಿ ಯಾಕೆ ಸೇರುತ್ತದೆ?

ಪಂಚಾಯಿತಿ ಸೇರಿದ್ದು ಮೂರು ಸಲ. ಈ ಮೂರನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಮೊದಲನೆಯದು 2020-21ರ ಸೀಸನ್. ಕೊರೊನಾ ಕಾಲ. ಪಂದ್ಯಗಳೆಲ್ಲ ಗೋವಾದಲ್ಲಿ, ಪ್ರೇಕ್ಷಕರಿಲ್ಲದ ಮೈದಾನಗಳಲ್ಲಿ. ಮೊದಲ ಆರು ಪಂದ್ಯಗಳಲ್ಲಿ ಬೆಂಗಳೂರು ಸೋಲಲೇ ಇಲ್ಲ. ಆಮೇಲೆ ಸತತ ಮೂರು ಸೋಲು. ಒಂಬತ್ತು ಪಂದ್ಯಗಳಿಗೆ 12 ಅಂಕ. 2021ರ ಜನವರಿ 6ರಂದು ಕುವಾದ್ರತ್ ಹೊರನಡೆದರು. ಲೀಗ್ ಗೆದ್ದುಕೊಟ್ಟು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ನೌಶಾದ್ ಮೂಸಾ ತಾತ್ಕಾಲಿಕವಾಗಿ ಹೊಣೆ ಹೊತ್ತರು. ಉಳಿದ ಹನ್ನೊಂದು ಪಂದ್ಯಗಳಲ್ಲಿ ಬಂದ ಗೆಲುವು ಎರಡು, ಅಂಕ ಹತ್ತು. ತಂಡ ಏಳನೆಯ ಸ್ಥಾನದಲ್ಲಿ ಮುಗಿಸಿತು. ಅಂದರೆ ಕೋಚನ್ನು ಕಳಿಸಿದ ಮೇಲೆ ಪರಿಸ್ಥಿತಿ ಸುಧಾರಿಸುವುದಿರಲಿ, ಇಳಿಯಿತು.

ಎರಡನೆಯದು 2022-23. ಕೋಚ್ ಇಂಗ್ಲೆಂಡಿನ ಸೈಮನ್ ಗ್ರೇಸನ್. ಸೆಪ್ಟೆಂಬರಿನಲ್ಲಿ ಡುರಾಂಡ್ ಕಪ್ ಬಂತು, ಎಲ್ಲರೂ ಹಿಗ್ಗಿದರು. ಲೀಗ್ ಶುರುವಾದ ಮೇಲೆ ನಡೆದದ್ದೇ ಬೇರೆ. ಹನ್ನೆರಡು ಪಂದ್ಯಗಳಲ್ಲಿ ಎಂಟು ಸೋಲು, ಅಂಕ ಬರೀ ಹತ್ತು. ಕುವಾದ್ರತ್ ಕೆಲಸ ಕಳೆದುಕೊಂಡಾಗಿನ ಸ್ಥಿತಿಗಿಂತ ಇದು ಎಷ್ಟೋ ಕೆಟ್ಟದ್ದು. ಆದರೆ ಕ್ಲಬ್ಬು ಗ್ರೇಸನ್ ಅವರನ್ನು ಕಳಿಸಲಿಲ್ಲ. ಆಮೇಲಿನದು ನಿಮಗೆ ಬಾಯಿಪಾಠ. ಉಳಿದ ಎಂಟು ಲೀಗ್ ಪಂದ್ಯಗಳಲ್ಲಿ ಎಂಟನ್ನೂ ಗೆದ್ದರು! ಹತ್ತು ಅಂಕ 34 ಆಯಿತು, ನಾಲ್ಕನೆಯ ಸ್ಥಾನ ಸಿಕ್ಕಿತು. ಕೇರಳ ಬ್ಲಾಸ್ಟರ್ಸ್ ಎದುರು ಸುನಿಲ್ ಛೆಟ್ರಿ ಆತುರದಲ್ಲಿ ಹೊಡೆದ ಆ ಫ್ರೀ ಕಿಕ್, ಕೇರಳದವರು ಮೈದಾನ ಬಿಟ್ಟು ನಡೆದದ್ದು, ಕೊನೆಗೆ ಫೈನಲಿನಲ್ಲಿ ಪೆನಾಲ್ಟಿಯಲ್ಲಿ ಸೋತದ್ದು, ಎಲ್ಲ ಆ ವರ್ಷದ್ದೇ. ಜನವರಿಯ ಆರಂಭದಲ್ಲಿ ಮತಕ್ಕೆ ಹಾಕಿದ್ದರೆ ಈ ಸಭೆಯಲ್ಲಿ ಎಷ್ಟು ಜನ ಗ್ರೇಸನ್ ಇರಲಿ ಎಂದು ಕೈ ಎತ್ತುತ್ತಿದ್ದಿರಿ?

(ಸಭೆಯಲ್ಲಿ ನಗು)

ಮೂರನೆಯದು ಅದರ ಮರುವರ್ಷ, 2023-24. ಅದೇ ಗ್ರೇಸನ್. ಒಂಬತ್ತು ಪಂದ್ಯಗಳಲ್ಲಿ ಒಂದೇ ಗೆಲುವು. ಡಿಸೆಂಬರ್ 8ರಂದು ಕಂಠೀರವದಲ್ಲಿ, ನಮ್ಮದೇ ಮನೆಯಲ್ಲಿ, ಮುಂಬೈ ಸಿಟಿ ನಾಲ್ಕು ಗೋಲು ಹೊಡೆಯಿತು, ನಾವು ಸೊನ್ನೆ. ಮಾರನೆಯ ದಿನ ಗ್ರೇಸನ್ ಇಲ್ಲ. ಬಂದವರು ಸ್ಪೇನಿನ ಜೆರಾರ್ಡ್ ಜರಗೋಝ. ಹಿಂದೆ ಇದೇ ಕ್ಲಬ್ಬಿನಲ್ಲಿ ಸಹಾಯಕ ಕೋಚ್ ಆಗಿದ್ದವರು. ಹೊಸಬರು ಬಂದರೂ ತಂಡ ಹನ್ನೆರಡರಲ್ಲಿ ಹತ್ತನೆಯದಾಗಿ ಮುಗಿಸಿತು. ಆದರೆ ಕ್ಲಬ್ಬು ಅವರನ್ನು ಇಟ್ಟುಕೊಂಡಿತು. 2024-25ರಲ್ಲಿ ಅದೇ ಕೋಚ್ ಕೈಯಲ್ಲಿ ತಂಡ ಮೂರನೆಯ ಸ್ಥಾನ ಪಡೆಯಿತು, ಅದೇ ಮುಂಬೈ ಸಿಟಿಗೆ ಅದೇ ಕಂಠೀರವದಲ್ಲಿ 5-0 ಬಡಿದು, 2025ರ ಏಪ್ರಿಲಿನಲ್ಲಿ ಕೋಲ್ಕತ್ತದ ಫೈನಲಿಗೆ ಹೋಗಿ, ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತಿತು.

ಮೂರು ಉದಾಹರಣೆಗಳಿಂದ ಶಾಸ್ತ್ರ ಹುಟ್ಟುವುದಿಲ್ಲ, ಒಪ್ಪಿದೆ. ಹಾಗಾದರೆ ಹೆಚ್ಚು ಉದಾಹರಣೆ ಇರುವ ಕಡೆಗೆ ಹೋಗೋಣ. ಹಾಲೆಂಡಿನಲ್ಲಿ ಬಾಸ್ ಟೆರ್ ವೀಲ್ ಎಂಬ ಅರ್ಥಶಾಸ್ತ್ರಜ್ಞ 1986ರಿಂದ 2004ರವರೆಗಿನ ಡಚ್ ಲೀಗನ್ನು ಕೂತು ಲೆಕ್ಕ ಹಾಕಿದರು. ಕೋಚನ್ನು ಕಳಿಸಿದ ಮೇಲೆ ತಂಡಗಳು ಚೇತರಿಸಿಕೊಂಡದ್ದು ನಿಜ ಎಂದು ಕಂಡಿತು. 'ನಾವು ಹೇಳಲಿಲ್ಲವೆ' ಎಂದು ಅರ್ಧ ಸಭೆ ಚಪ್ಪಾಳೆ ತಟ್ಟುವ ಮೊದಲು ಮುಂದಿನದನ್ನು ಕೇಳಿ. ಅಷ್ಟೇ ಕೆಟ್ಟದಾಗಿ ಸೋಲುತ್ತಿದ್ದು ಕೋಚನ್ನು ಕಳಿಸದೆ ಉಳಿಸಿಕೊಂಡ ತಂಡಗಳನ್ನೂ ಅವರು ಪಕ್ಕದಲ್ಲಿಟ್ಟು ನೋಡಿದರು. ಅವೂ ಹಾಗೆಯೇ ಚೇತರಿಸಿಕೊಂಡಿದ್ದವು. ಕಳಿಸಿದರೂ ಅಷ್ಟೆ, ಕಳಿಸದಿದ್ದರೂ ಅಷ್ಟೆ.

ಇದು ಹೇಗೆ ಸಾಧ್ಯ? ರೇಷ್ಮೆ ಸೀಮೆಯ ನಿಮಗೆ ಇದನ್ನು ವಿವರಿಸುವುದು ಸುಲಭ. ರಾಮನಗರ, ಕನಕಪುರ, ಮಾಗಡಿ, ಚನ್ನಪಟ್ಟಣದ ಕಡೆ ಹುಳು ಸಾಕುವವರಿಗೆಲ್ಲ ಗೊತ್ತಿರುವ ಸಂಗತಿ ಇದು. ಒಬ್ಬ ರೈತನಿಗೆ ಎರಡು ಬೆಳೆ ಸತತವಾಗಿ ಹೋಗುತ್ತದೆ ಎಂದಿಟ್ಟುಕೊಳ್ಳಿ. ಒಂದು ಸಲ ಸಪ್ಪೆ ರೋಗ, ಇನ್ನೊಂದು ಸಲ ಹಾಲುತೊಂಡೆ. ಆತ ಏನು ಮಾಡುತ್ತಾನೆ? ಚಾಕಿ ತರುವ ಕಡೆಯನ್ನು ಬದಲಿಸುತ್ತಾನೆ. 'ಅವನ ಚಾಕಿಯೇ ಸರಿಯಿಲ್ಲ, ಇನ್ನುಮೇಲೆ ಇವನ ಹತ್ತಿರ ತರುತ್ತೇನೆ.' ಮುಂದಿನ ಬೆಳೆ ಚೆನ್ನಾಗಿ ಬರುತ್ತದೆ. ಹೊಸ ಚಾಕಿಯವನ ಕೈಗುಣ ಎಂದು ಊರೆಲ್ಲ ಹೊಗಳುತ್ತಾನೆ. ಆದರೆ ಯೋಚಿಸಿ: ತೀರಾ ಕೆಟ್ಟ ಬೆಳೆ ಬರಲು ಹಲವು ಕೆಡುಕುಗಳು ಒಟ್ಟಿಗೆ ಕೂಡಿಬರಬೇಕು. ಸೆಕೆ ಏರಬೇಕು, ಸೊಪ್ಪು ಒದ್ದೆಯಾಗಿರಬೇಕು, ಹಣ್ಣಾಗುವ ಹೊತ್ತಿಗೆ ಮೋಡ ಮುಚ್ಚಬೇಕು. ಇವೆಲ್ಲ ಮೂರನೆಯ ಸಲವೂ ಒಟ್ಟಿಗೆ ಬರುವುದು ಅಪರೂಪ. ಆದ್ದರಿಂದ ಏನೂ ಬದಲಿಸದಿದ್ದರೂ ಮೂರನೆಯ ಬೆಳೆ ಎಂದಿನ ಬೆಳೆಯ ಹತ್ತಿರಕ್ಕೆ ಬರುವ ಸಂಭವವೇ ಹೆಚ್ಚು.

ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರ ಅಳೆಯುತ್ತ ಈ ಸಂಗತಿಯನ್ನು ಗುರುತಿಸಿದ. ತೀರಾ ಎತ್ತರದವರ ಮಕ್ಕಳು ಸರಾಸರಿಯಾಗಿ ಅವರಷ್ಟು ಎತ್ತರವಿರುವುದಿಲ್ಲ, ತೀರಾ ಕುಳ್ಳರ ಮಕ್ಕಳು ಅವರಷ್ಟು ಕುಳ್ಳಗಿರುವುದಿಲ್ಲ. ಎರಡೂ ಕಡೆಯವರು ನಡುವಿನತ್ತ ಸರಿಯುತ್ತಾರೆ. ಸಂಖ್ಯಾಶಾಸ್ತ್ರದವರು ಇದನ್ನು ಸರಾಸರಿಯತ್ತ ಮರಳುವುದು ಎನ್ನುತ್ತಾರೆ. ಇಸ್ರೇಲಿನ ವಿಮಾನಪಡೆಯ ತರಬೇತುದಾರರು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಅವರೊಡನೆ ವಾದಿಸಿದ್ದರಂತೆ: 'ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮರುಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನಿಗೆ ಬೈದರೆ ಮರುಸಲ ಸುಧಾರಿಸುತ್ತಾನೆ. ಆದ್ದರಿಂದ ಬೈಗುಳವೇ ಮದ್ದು.' ಬೈದರೂ ಬೈಯದಿದ್ದರೂ ಆ ಹುಡುಗ ಮರುಸಲ ಸರಾಸರಿಯ ಹತ್ತಿರಕ್ಕೆ ಬರುತ್ತಿದ್ದ ಎಂಬುದನ್ನು ಅವರು ಕಂಡಿರಲಿಲ್ಲ.

ನಮ್ಮ ಹಿರಿಯರು ಮಳೆ ಬಾರದಿದ್ದಾಗ ಮಣ್ಣಿನಲ್ಲಿ ಮಳೆರಾಯನನ್ನು ಮಾಡಿ, ಹಲಗೆಯ ಮೇಲಿಟ್ಟು, ಹುಡುಗನೊಬ್ಬನ ತಲೆಯ ಮೇಲೆ ಹೊರಿಸಿ ಮನೆಮನೆಗೆ ಕಳಿಸುತ್ತಿದ್ದರು. ಹೆಂಗಸರು ಬಿಂದಿಗೆಯಿಂದ ನೀರು ಸುರಿಯುತ್ತಿದ್ದರು. ಬಿತ್ತನೆಯ ಕಾಲ ಮೀರುತ್ತ ಬಂದು, ಇನ್ನು ತಡೆಯಲಾಗದು ಎನ್ನಿಸಿದಾಗಲೇ ಮಳೆರಾಯ ಹೊರಡುತ್ತಿದ್ದದ್ದು. ಅಷ್ಟು ತಡವಾದ ಮೇಲೆ ಮಳೆ ಬರುವ ದಿನವೂ ಹತ್ತಿರವೇ ಇರುತ್ತಿತ್ತು. ಕೋಚನ್ನು ಕಳಿಸುವ ಮುಹೂರ್ತವೂ ಇಂಥದ್ದೇ. ಒಂದು ಪಂದ್ಯ ಸೋತ ಕೂಡಲೆ ಯಾರೂ ಕಳಿಸುವುದಿಲ್ಲ. ಸೋಲು ತಳ ಮುಟ್ಟಿದಾಗ ಕಳಿಸುತ್ತಾರೆ. ತಳದಿಂದ ದಾರಿ ಇರುವುದು ಮೇಲಕ್ಕೇ ಅಲ್ಲವೆ? ನಾನು ಮಳೆರಾಯನನ್ನು ಹಳಿಯುತ್ತಿಲ್ಲ. ಆ ಆಚರಣೆ ಊರನ್ನು ಒಂದುಗೂಡಿಸುತ್ತಿತ್ತು, ಕಾಯುವುದಕ್ಕೆ ಬಲ ಕೊಡುತ್ತಿತ್ತು. ಅಲ್ಲಿ ಯಾರ ಕೆಲಸವೂ ಹೋಗುತ್ತಿರಲಿಲ್ಲ ಎಂಬುದು ದೊಡ್ಡ ವ್ಯತ್ಯಾಸ.

ಹಾಗೆಂದು 'ಇರಲಿ' ಬಣದವರು ಬೀಗಬೇಕಾಗಿಲ್ಲ. ಅವರ ಬತ್ತಳಿಕೆಯಲ್ಲಿ ಯಾವಾಗಲೂ ಇರುವ ಬಾಣ ಅಲೆಕ್ಸ್ ಫರ್ಗ್ಯೂಸನ್. ಮ್ಯಾಂಚೆಸ್ಟರ್ ಯುನೈಟೆಡ್‌ಗೆ 1986ರ ನವೆಂಬರಿನಲ್ಲಿ ಬಂದ ಆತನನ್ನು ತೊಲಗು ಎನ್ನುವ ಬ್ಯಾನರನ್ನು 1989ರ ಡಿಸೆಂಬರಿನಲ್ಲಿ ಸ್ವಂತ ಅಭಿಮಾನಿಗಳೇ ಹಿಡಿದಿದ್ದರು. ಆ ಸೀಸನ್ನಿನಲ್ಲಿ ತಂಡ ಲೀಗಿನಲ್ಲಿ ಹದಿಮೂರನೆಯದು. ಆದರೆ ಆತ ಉಳಿದ, 1990ರಲ್ಲಿ ಎಫ್‌ಎ ಕಪ್ ಗೆದ್ದ, 1993ರಲ್ಲಿ ಲೀಗ್ ಗೆದ್ದ, 2013ರವರೆಗೆ ಆಳಿದ. ಕಥೆ ಚೆನ್ನಾಗಿದೆ. ಆದರೆ ತಾಳ್ಮೆಯಿಂದ ಇಟ್ಟುಕೊಂಡು ಕೊನೆಗೂ ಏನೂ ಸಾಧಿಸದೆ ಹೋದ ಕೋಚುಗಳ ಕಥೆಯನ್ನು ಯಾರು ಹೇಳುತ್ತಾರೆ? ಅವರ ಹೆಸರೇ ನಮಗೆ ಗೊತ್ತಿಲ್ಲ. ಒಬ್ಬ ಫರ್ಗ್ಯೂಸನ್‌ನನ್ನು ತೋರಿಸಿ ಎಲ್ಲರನ್ನೂ ಉಳಿಸಿಕೊಳ್ಳಿ ಎನ್ನುವುದು, ಲಾಟರಿ ಗೆದ್ದವನನ್ನು ತೋರಿಸಿ ಟಿಕೆಟ್ಟು ಕೊಳ್ಳಿ ಎಂದಂತೆ.

ಚಾಕಿಯ ಮಾತಿಗೇ ಮರಳುತ್ತೇನೆ. ಕೆಲವೊಮ್ಮೆ ಚಾಕಿಯೇ ನಿಜವಾಗಿಯೂ ಕೆಟ್ಟಿರುತ್ತದೆ, ಆಗ ಬದಲಿಸಲೇಬೇಕು. ಕೆಲವೊಮ್ಮೆ ರೋಗ ಇರುವುದು ಹುಳುಮನೆಯ ಗೋಡೆಯಲ್ಲಿ, ನೆಲದಲ್ಲಿ, ಚಂದ್ರಿಕೆಯ ಸಂದಿಯಲ್ಲಿ. ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯದೆ ಹತ್ತು ಕಡೆ ಚಾಕಿ ತಂದರೂ ಹುಳು ಸಾಯುತ್ತದೆ. ಅನುಭವಿ ರೈತ ಗೂಡಿನ ತೂಕವೊಂದನ್ನೇ ನೋಡುವುದಿಲ್ಲ. ಯಾವ ಜ್ವರಕ್ಕೆ ಹುಳು ಸೊಪ್ಪು ಬಿಟ್ಟಿತು, ಸತ್ತ ಹುಳು ಬೆಳ್ಳಗೆ ಗಟ್ಟಿಯಾಯಿತೋ ಮೆತ್ತಗಾಗಿ ನಾರಿತೋ ಎಂದು ನೋಡುತ್ತಾನೆ. ಪಂದ್ಯವನ್ನೂ ಹಾಗೆಯೇ ನೋಡಬೇಕು. ಸೋತರೂ ಗೋಲಿನ ಅವಕಾಶಗಳು ಹುಟ್ಟುತ್ತಿವೆಯೆ? ಗಾಯಗೊಂಡು ಕೂತವರು ಯಾರು? ಎದುರಿದ್ದವರು ಮೇಲಿನ ತಂಡಗಳೋ ಕೆಳಗಿನವೋ? ಅರವತ್ತು ನಿಮಿಷದ ಮೇಲೆ ಹುಡುಗರು ಓಡುತ್ತಿದ್ದಾರೋ, ನಡೆಯುತ್ತಿದ್ದಾರೋ? ಕೋಚಿನ ಮಾತು ಆಟಗಾರರ ಕಿವಿಗೆ ಬೀಳುತ್ತಿಲ್ಲ ಎಂಬುದು ಮೈದಾನದಲ್ಲಿ ಕಾಣುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ 2021ರ ಜನವರಿಯ ನಿರ್ಧಾರ ದುಡುಕಿನದು. ಮೂರು ಸೋಲಿಗೆ ಕೊಟ್ಟ ಬೆಲೆ ಹೆಚ್ಚಾಯಿತು. 2023ರ ಡಿಸೆಂಬರಿನದನ್ನು ನಾನು ಅಷ್ಟು ಸುಲಭವಾಗಿ ದೂರಲಾರೆ. ಆ ನಾಲ್ಕು ಗೋಲಿನ ಸಂಜೆ ತಂಡ ಒಳಗಿನಿಂದಲೇ ಕುಸಿದಂತಿತ್ತು.

ಇನ್ನೊಂದು ಮಾತನ್ನು ನಮ್ಮ ಅಭಿಮಾನಿಗಳು ಸಾಮಾನ್ಯವಾಗಿ ಮರೆಯುತ್ತಾರೆ. ಇಂಗ್ಲೆಂಡಿನಲ್ಲಿ ಕೊನೆಯ ಮೂರು ತಂಡಗಳು ಕೆಳಗಿನ ದರ್ಜೆಗೆ ಬೀಳುತ್ತವೆ. ಬಿದ್ದರೆ ಟಿವಿಯ ಹಣ ಹೋಗುತ್ತದೆ, ಆಟಗಾರರು ಹೋಗುತ್ತಾರೆ, ಎಷ್ಟೋ ಸಾರಿ ಕ್ಲಬ್ಬೇ ಮುಳುಗುತ್ತದೆ. ಅಲ್ಲಿ ನಡುವರ್ಷದಲ್ಲಿ ಕೋಚನ್ನು ಬದಲಿಸುವುದು ಭಯದ ಕೆಲಸ, ಆ ಭಯಕ್ಕೆ ಅರ್ಥವಿದೆ. ಇಂಡಿಯನ್ ಸೂಪರ್ ಲೀಗಿನಲ್ಲಿ ನಾನು ಹೇಳಿದ ಆ ಮೂರು ಸೀಸನ್ನುಗಳಲ್ಲಿ ಯಾರೂ ಕೆಳಗೆ ಬೀಳುವ ಪದ್ಧತಿಯೇ ಇರಲಿಲ್ಲ. ಹತ್ತನೆಯದಾದರೂ ಮರುವರ್ಷ ಅದೇ ಲೀಗು. ಬೀಳುವ ಬಾವಿಯೇ ಇಲ್ಲದ ಕಡೆ ಇಷ್ಟೊಂದು ಅವಸರ ಯಾಕೆ? ಇಂಗ್ಲೆಂಡಿನ ಟಿವಿ ನೋಡಿ ನಾವು ಅವರ ಆಟವನ್ನಷ್ಟೇ ಕಲಿತಿಲ್ಲ, ಅವರ ದಿಗಿಲನ್ನೂ ಕಲಿತಿದ್ದೇವೆ.

ಮಾಲೀಕರ ಕಡೆಯಿಂದ ನೋಡಿದರೆ ಕಾರಣ ಸರಳ. ಇಪ್ಪತ್ತೈದು ಆಟಗಾರರನ್ನು ನಡುವರ್ಷದಲ್ಲಿ ಬದಲಿಸಲಾಗದು. ಕೊಳ್ಳುವ ಮಾರುವ ಬಾಗಿಲು ಮುಚ್ಚಿರುತ್ತದೆ. ಆಟಗಾರರನ್ನು ಕೊಂಡ ಅಧಿಕಾರಿ ತನ್ನನ್ನು ತಾನೇ ಕಳಿಸಿಕೊಳ್ಳುವುದಿಲ್ಲ. ಮಾಲೀಕ ಮಾಲೀಕನೇ. ಉಳಿದವನು ಒಬ್ಬ. ಹೀಗೆ ಹೋಗಿಬರುವುದೇ ಕೋಚುಗಳ ಬದುಕಾಗಿದೆ. ಬೆಂಗಳೂರಿನಿಂದ ಹೋದ ಕುವಾದ್ರತ್ ಆಮೇಲೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದುಕೊಟ್ಟರು. ಹನ್ನೆರಡು ವರ್ಷಗಳ ನಂತರ ಆ ಕ್ಲಬ್ಬಿಗೆ ಬಂದ ರಾಷ್ಟ್ರಮಟ್ಟದ ಪ್ರಶಸ್ತಿ ಅದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲೀಗಿನ ಮೊದಲ ಮೂರು ಪಂದ್ಯ ಸೋತರು, ಹೊರನಡೆದರು. ಅಲ್ಲೂ ಮೂರು, ಇಲ್ಲೂ ಮೂರು.

ಅಭಿಮಾನಿಯ ಕೋಪ ಸುಳ್ಳು ಎಂದು ನಾನು ಹೇಳಲಾರೆ. ಕಂಠೀರವದ ಪಶ್ಚಿಮದ ಅಂಕಣದಲ್ಲಿ ತೊಂಬತ್ತು ನಿಮಿಷ ನಿಂತೇ ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರನ್ನು ನೋಡಿದ್ದೀರಿ, ನಿಮ್ಮಲ್ಲಿ ಕೆಲವರು ಅವರೇ ಇರಬಹುದು. ಟಿಕೆಟ್ಟಿಗೆ, ಜರ್ಸಿಗೆ, ಪ್ರಯಾಣಕ್ಕೆ ಕೈಯಿಂದ ಹಣ ಹಾಕುತ್ತಾರೆ. ಆದರೆ ಕ್ಲಬ್ಬಿನಲ್ಲಿ ಅವರಿಗೆ ಮತವಿಲ್ಲ. ಜರ್ಮನಿಯಲ್ಲಿ ಕೆಲವು ಅಪವಾದ ಬಿಟ್ಟರೆ ಕ್ಲಬ್ಬಿನ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಬಾರ್ಸಿಲೋನಾದಲ್ಲಿ ಸದಸ್ಯರೇ ಅಧ್ಯಕ್ಷರನ್ನು ಚುನಾಯಿಸುತ್ತಾರೆ. ನಮ್ಮ ಹಾಲಿನ ಡೇರಿಯಲ್ಲಿ ಒಂದು ಹಸು ಇಟ್ಟುಕೊಂಡವನಿಗೂ ಒಂದು ಮತವಿದೆ. ಹತ್ತು ವರ್ಷ ಕಂಠೀರವಕ್ಕೆ ಹೋದವನಿಗೆ ಇಲ್ಲ. ಆದ್ದರಿಂದ ಅವನಿಗೆ ಉಳಿದ ಒಂದೇ ಮತಪತ್ರ 'ಕೋಚ್ ತೊಲಗಲಿ' ಎಂಬ ಕೂಗು. ಮಾಲೀಕರಿಗೂ ಆ ಕೂಗು ಒಂದು ರೀತಿಯಲ್ಲಿ ಹಿತವೇ. ಅದು ತಮ್ಮತ್ತ ತಿರುಗುವ ಮೊದಲೇ ಒಬ್ಬನನ್ನು ಮುಂದೆ ನಿಲ್ಲಿಸಬಹುದು.

ಕೂಗು ಯಾರತ್ತ ಹೋಗಬೇಕಿತ್ತು ಎಂಬುದು 2025ರಲ್ಲಿ ಚೆನ್ನಾಗಿ ಕಾಣಿಸಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೂ ಲೀಗ್ ನಡೆಸುವ ಕಂಪನಿಗೂ ಇದ್ದ ಹದಿನೈದು ವರ್ಷಗಳ ಒಪ್ಪಂದ ಆ ವರ್ಷದ ಡಿಸೆಂಬರಿಗೆ ಮುಗಿಯುವುದಿತ್ತು. ಅದನ್ನು ಹೊಸದು ಮಾಡುವ ಮಾತುಕತೆ ಮುಂದೆ ಸಾಗಲಿಲ್ಲ. ಜುಲೈಯಲ್ಲಿ ಲೀಗನ್ನು ತಡೆಹಿಡಿದರು. ಆಗಸ್ಟಿನ ಮೊದಲ ವಾರ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ನಾಲ್ಕು ತಿಂಗಳ ಹಿಂದಷ್ಟೇ ಫೈನಲ್ ಆಡಿದ ತಂಡ ಅದು. ಗೋಲು ಹೊಡೆಯುವವನು, ಗೋಲು ಕಾಯುವವನು, ಬೆಂಚಿನಲ್ಲಿ ಕೂರುವವನು, ಅವರಿಗೆಲ್ಲ ಪಾಠ ಹೇಳುವವನು, ಎಲ್ಲರ ಗತಿ ಒಂದೇ. ಯಾವ ಕೋಚನ್ನು ಬದಲಿಸಿದ್ದರೂ ಆ ಆಗಸ್ಟ್ ಬದಲಾಗುತ್ತಿರಲಿಲ್ಲ.

ಸಂಘಟಕರು ಗಡಿಯಾರ ತೋರಿಸುತ್ತಿದ್ದಾರೆ. ಹಿಂದಿನ ಸಾಲಿನಲ್ಲಿ ಆಗಿನಿಂದ ಒಬ್ಬರು ಕೈ ಎತ್ತಿದ್ದೀರಿ. ಗ್ರೇಸನ್ ಬಗ್ಗೆ ನಾನು ಹೇಳಿದ್ದನ್ನು ಒಪ್ಪುವುದಿಲ್ಲ ಎಂದು ನಿಮ್ಮ ಮುಖವೇ ಹೇಳುತ್ತಿದೆ. ಹೇಳಿ, ಕೇಳೋಣ.